ಬೆಣಚಿಗುಡ್ಡದ ಹಾಲಗೋಡೆ

ಕಪ್ಪತಗುಡ್ಡದ ಸಾಲು ತಗ್ಗುತ್ತಾ ತಗ್ಗುತ್ತಾ ಬಂದು, ಇನ್ನೇನು ಎರೆಹೊಲಗಳಲ್ಲಿ ಮುಗಿದುಹೋಗಬೇಕು ಎನ್ನುವಲ್ಲಿ ನಮ್ಮ ಬೆಣಚಿಗುಡ್ಡವಿದೆ. ಬಯಲೆಲ್ಲ ಹೊಲಕ್ಕೆ ಬೇಕೆಂದು ಹಿರಿಯರು ಮನೆಗಳನ್ನು ಗುಡ್ಡದ ಇಳಿಜಾರಿಗೆ ಏರಿಸಿಬಿಟ್ಟರು. ಹಾಗಾಗಿ ಇಲ್ಲಿ ಒಬ್ಬರ ಅಂಗಳ ಇನ್ನೊಬ್ಬರ ಮಾಳಿಗೆಯ ಸಮಕ್ಕಿದೆ. ಮೇಲಿನ ಮನೆಯ ಕೋಳಿ ಕೆಳಗಿನ ಮನೆಯ ಮಾಳಿಗೆಯಲ್ಲಿ ಮೊಟ್ಟೆ ಇಟ್ಟು ಜಗಳವಾಗುವುದು ಈಗಲೂ ಉಂಟು. ಮೂವತ್ತೊಂದು ವರ್ಷ ಟಪಾಲು ಹಂಚುತ್ತಾ ಈ ಊರಿನ ಮೆಟ್ಟಿಲುಗಳನ್ನು ಹತ್ತಿ ಇಳಿದವನು ನಾನು. ಮೆಟ್ಟಿಲು ಎಷ್ಟಿವೆ ಎಂದು ನನ್ನ ಮೊಣಕಾಲುಗಳನ್ನು ಕೇಳಿದರೆ ಅವೇ ಹೇಳುತ್ತವೆ.

ಬಸ್ಸು ನಿಲ್ಲುವ ಜಾಗಕ್ಕೆ ಹಾಲಗೋಡೆ ಎಂದು ಹೆಸರು. ಹೊಸಬರು ಇಳಿದ ಕೂಡಲೇ, "ಇಲ್ಲಿ ಡೇರಿ ಎಲ್ಲೈತ್ರಿ?" ಎಂದು ಕೇಳುತ್ತಾರೆ. ಡೇರಿಯೂ ಇಲ್ಲ, ಮಣ್ಣೂ ಇಲ್ಲ, ತಲೆ ಎತ್ತಿ ಮೇಲೆ ನೋಡಿ ಎನ್ನುತ್ತೇನೆ. ಮೂರನೆಯ ಓಣಿಯ ತುದಿಯಲ್ಲಿ, ಆಳೆತ್ತರಕ್ಕಿಂತ ತುಸು ಹೆಚ್ಚಿನ ಒಂದು ಕಲ್ಲುಗೋಡೆ ಮೂವತ್ತು ಹೆಜ್ಜೆ ಉದ್ದಕ್ಕೆ ಒಂದು ಹಿತ್ತಲನ್ನು ಹೊತ್ತುಕೊಂಡು ನಿಂತಿದೆ. ಅದು ನೆಟ್ಟಗೆ ನಿಂತಿಲ್ಲ. ಗುಡ್ಡಕ್ಕೆ ಬೆನ್ನು ಕೊಟ್ಟು ಹಿಂದಕ್ಕೆ ಒರಗಿದೆ. ಬುಡದಿಂದ ಒಂದು ಮೊಳ ಮೇಲೆ ಸಾಲಾಗಿ ತೂತುಗಳು, ಒಂದೊಂದರಲ್ಲೂ ಮುಷ್ಟಿ ಹಿಡಿಸೀತು. ಪ್ರತಿ ತೂತಿನ ಕೆಳಗೂ ತುಟಿಯಂತೆ ಒಂದು ಚಪ್ಪಟೆ ಕಲ್ಲು ಹೊರಗೆ ಚಾಚಿದೆ. ಈ ಗೋಡೆ ಎಷ್ಟು ತಲೆಮಾರು ಹಿಂದಿನದೋ ಯಾರಿಗೂ ಗೊತ್ತಿಲ್ಲ. ಅದರ ಎದುರಿಗೇ ಮೊನ್ನೆ ಮೊನ್ನೆ ಕಟ್ಟಿದ ಸಿಮೆಂಟಿನ ಗೋಡೆಯೊಂದು ಎರಡೇ ಮಳೆಗಾಲಕ್ಕೆ ಹೊಟ್ಟೆ ಬಿಟ್ಟುಕೊಂಡು ಮಗುಚಿದೆ. ಯಾರ ಮನೆಯದೆಂದು ಹೇಳುವುದಿಲ್ಲ, ಈಗಾಗಲೇ ಅವರು ನನ್ನ ಜೊತೆ ಅರ್ಧ ಮಾತು ಬಿಟ್ಟಿದ್ದಾರೆ. ಹೇಳಿದ ಕತೆಯನ್ನೇ ಎಷ್ಟು ಸಲ ಹೇಳುತ್ತೀರಿ ಎಂದು ನನ್ನ ಮನೆಯವಳು ಗೊಣಗುತ್ತಾಳೆ. ಗೊಣಗಲಿ. ಕತೆ ಹಳೆಯದಾದರೂ ಕೇಳುವವರು ಹೊಸಬರಲ್ಲವೇ?

ಹಿಂದೆ ಒಮ್ಮೆ, ಈ ಸೀಮೆ ಇನ್ನೂ ನಾಡಗೌಡರ ಕೈಯಲ್ಲಿದ್ದಾಗ, ಆ ಹಿತ್ತಲಿನ ಮನೆಗೆ ಹುಲಿಗೆವ್ವ ಎಂಬ ಸೊಸೆ ಬಂದಳು ಎನ್ನುತ್ತಾರೆ. ಗಂಡ ಲಚಮಪ್ಪ ಗುಡ್ಡದಲ್ಲಿ ಬೀಸುವ ಕಲ್ಲು ಕಡಿದು ಸಂತೆಗೆ ಒಯ್ಯುವವನು. ಒಳ್ಳೆಯವನೇ, ಮಾತು ಮಾತ್ರ ಕೇಳಿ ಪಡೆಯಬೇಕು. ಅತ್ತೆ ಫಕೀರವ್ವನಿಗೆ ಬಾಯಿ ಜೋರು, ಕರುಳು ಮೆತ್ತಗೆ. ಹುಲಿಗೆವ್ವನಿಗೆ ತವರಿನಲ್ಲಿ ತಾಯಿ ಇರಲಿಲ್ಲ. ತಂದೆ ದುರಗಪ್ಪ ಕೆರೆಯ ಏರಿ ಕಟ್ಟುವ ಕಸುಬಿನವನಾಗಿ ವರ್ಷಕ್ಕೊಂದು ಊರಲ್ಲಿ ಗುಡಾರ ಹಾಕುತ್ತಿದ್ದ. ಹಾಗಾಗಿ ಚೊಚ್ಚಲ ಹೆರಿಗೆಯೂ ಗಂಡನ ಮನೆಯಲ್ಲೇ ಆಯಿತು. ಹೆಣ್ಣು ಕೂಸು. ತವರಿನ ತೊಟ್ಟಿಲು ಬರಲಿ, ಹುಣ್ಣಿಮೆ ಬರಲಿ, ಆಮೇಲೆ ಹೆಸರಿಡೋಣ ಎಂದು ಕಾದರು. ತೊಟ್ಟಿಲು ಬರುವ ಮೊದಲೇ, ಹತ್ತೊಂಬತ್ತನೆಯ ದಿನ, ಕೂಸು ಬಿಸಿಲೇರುವಷ್ಟರಲ್ಲಿ ಕಣ್ಣು ಮುಚ್ಚಿತು. ಹೆಸರಿಲ್ಲದ ಕೂಸನ್ನು ಏನೆಂದು ಕರೆದು ಅಳಬೇಕೆಂದು ಹುಲಿಗೆವ್ವನಿಗೆ ತಿಳಿಯಲಿಲ್ಲ.

ಹಲ್ಲು ಹುಟ್ಟದ ಕೂಸನ್ನು ಆ ಕಾಲದಲ್ಲಿ ಊರ ಹೊರಗೆ ಒಯ್ಯುತ್ತಿರಲಿಲ್ಲ. ಹಿತ್ತಲಿನಲ್ಲೇ ಮಣ್ಣಿಗೆ ಕೊಡುತ್ತಿದ್ದರು. ಮನೆ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೆ ಅದು ದಾರಿ ತಪ್ಪದೆ ಅದೇ ತಾಯಿಯ ಮಡಿಲಿಗೆ ಮರಳುತ್ತದೆ ಎಂಬುದು ಅವರ ನಂಬಿಕೆ. ಒಮ್ಮೆ ಕೊಟ್ಟ ಮೇಲೆ ಆ ಮಣ್ಣನ್ನು ಮತ್ತೆ ಅಗೆಯುವಂತಿಲ್ಲ. ಲಚಮಪ್ಪ ಹಿತ್ತಲಿನ ನಡುವೆ ಮಣ್ಣು ತೆಗೆದ. ನರಿ ಕೆದಕದಿರಲೆಂದು ಫಕೀರವ್ವ ಬಾರಿ ಗಿಡದ, ಅಂದರೆ ಬೋರೆಯ, ಮುಳ್ಳಿನ ಟೊಂಗೆಗಳನ್ನು ತಂದು ಮುಚ್ಚಿದಳು. ಅಲ್ಲಿಂದ ಹಿತ್ತಲಿನ ಅಂಚಿಗೆ ಎಂಟು ಮೊಳ. ಅಂಚಿನ ಕೆಳಗೆ ಕಡಿದಾದ ಇಳಿಜಾರು, ಅದರ ಕೆಳಗೆ ಮಳೆಗಾಲದಲ್ಲಿ ಕೆಂಪಗೆ ಹರಿಯುವ ಹಳ್ಳ.

ಕೂಸು ಹೋಗಿದ್ದು ಹಾಲಿಗೆ ಗೊತ್ತಾಗಲಿಲ್ಲ. ಅದು ಹೊತ್ತು ಹೊತ್ತಿಗೆ ಬರುತ್ತಲೇ ಇತ್ತು. ಎದೆ ತುಂಬಿ, ಬಿಗಿದು, ಕಲ್ಲಾಯಿತು. ಹಿಂಡಿಕೋ ಎಂದರೆ ಹುಲಿಗೆವ್ವ ಒಪ್ಪಲಿಲ್ಲ. "ಇದು ನಂದಲ್ಲ ಅತ್ತಿ, ಆಕಿದು. ಆಕಿದನ್ನ ನಾ ಹೆಂಗ ಚೆಲ್ಲಲಿ?" ಎಂದು ಸೆರಗು ಬಿಗಿದು ಕೂತಳು. ಮೂರನೆಯ ದಿನಕ್ಕೆ ಜ್ವರ ನೆತ್ತಿಗೇರಿ ಕಣ್ಣು ಮೇಲಾದವು. ಆಗ ಫಕೀರವ್ವ ಬಿಸಿನೀರಲ್ಲಿ ಅದ್ದಿದ ಬಟ್ಟೆ ಹಾಕಿ, ಬೈಯುತ್ತಾ, ಅಳುತ್ತಾ, ತಾನೇ ಬಟ್ಟಲಿಗೆ ಹಾಲು ತೆಗೆದಳು. "ಹಿಡಕೊಂಡ್ರ ನೀನೂ ಉಳಿಯಂಗಿಲ್ಲ. ಬಿಟ್ರ ಕೂಸೇನು ದೂರ ಆಗಂಗಿಲ್ಲ. ಬಿಡವ್ವಾ, ಬಿಡು," ಎಂದಳಂತೆ. ಆಮೇಲೆ ಆ ಬಟ್ಟಲನ್ನು ಹಿತ್ತಲಿಗೆ ಒಯ್ದು, ಯಾರೂ ತುಳಿಯದಂತೆ ಮುಳ್ಳಿನ ಕೆಳಗೆ ಕೂಸಿನ ಮಣ್ಣಿಗೆ ಹೊಯ್ದು ಬಂದು, "ತಗೋ, ಆಕಿದು ಆಕಿಗೇ ಮುಟ್ಟಿತು" ಎಂದಳು. ಅಂದು ಜ್ವರ ಇಳಿಯಿತು. ಸೊಸೆ ಎದ್ದು ಕೂತು ಗಂಜಿ ಕುಡಿದಳು.

ಆ ವರ್ಷದ ಮೊದಲ ಜೋರು ಮಳೆಗೆ ಹಿತ್ತಲಿನ ಅಂಚು ಬಿರುಕು ಬಿಟ್ಟಿತು. ಲಚಮಪ್ಪ ಪೇರಿಸಿದ್ದ ಒಣಗಲ್ಲಿನ ಸಣ್ಣ ಒಡ್ಡು ಹಳ್ಳಕ್ಕೆ ಉರುಳಿತು. ಬೆಳಿಗ್ಗೆ ಹುಲಿಗೆವ್ವ ಮೊಳ ಹಾಕಿ ನೋಡಿದಳು. ಎಂಟು ಇದ್ದದ್ದು ಐದಾಗಿತ್ತು. ಇನ್ನು ಎರಡು ಮಳೆ ಹೀಗೇ ಬಿದ್ದರೆ ಕೂಸು ಹಳ್ಳದ ಪಾಲು, ಹಳ್ಳದಿಂದ ಹೊಳೆಯ ಪಾಲು. ಆಮೇಲೆ ಅದು ಯಾವ ಮನೆಯನ್ನು ಗುರುತು ಹಿಡಿದು ಬಂದೀತು? "ನಮ್ಮಪ್ಪನ್ನ ಕರಸ್ರಿ" ಎಂದಳು. ಮದುವೆಯಾಗಿ ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ ಎನ್ನುತ್ತಾರೆ.

ದುರಗಪ್ಪ ಬಂದ. ಅವನ ಗಾಡಿಯಲ್ಲಿ ಹಾರೆ, ಚಾಣ, ಸುತ್ತಿಗೆಗಳ ಜೊತೆಗೆ ಕಂಬಳಿ ಮುಚ್ಚಿದ ಒಂದು ತೊಟ್ಟಿಲೂ ಇತ್ತು. ದಾರಿಯಲ್ಲಿ ಸುದ್ದಿ ಮುಟ್ಟಿದ್ದರಿಂದ ಅದನ್ನು ಕೆಳಗಿಳಿಸದೆ ಹಾಗೇ ಬಿಟ್ಟಿದ್ದ. ಮಗಳೂ ಕಂಬಳಿ ಎತ್ತಿ ನೋಡಲಿಲ್ಲ. ಇಬ್ಬರೂ ಗೋಡೆಯ ಮಾತನ್ನಷ್ಟೇ ಆಡಿದರು.

ಇಲ್ಲಿ ದುರಗಪ್ಪನ ಮಂದಿಯ ಒಂದು ಪದ್ಧತಿಯನ್ನು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯದು. ಹೊಸ ಕೆರೆ ತುಂಬಿದ ದಿನ ಏರಿ ಕಟ್ಟಿದವನು ಅಂಗಿ ಕಳಚಿ, ಏರಿಯ ಹೊರಮೈಗೆ ಬರಿಬೆನ್ನು ಒತ್ತಿ ಕೂರಬೇಕು. ಹೊತ್ತು ಮುಳುಗುವವರೆಗೂ ಕೂರಬೇಕು. ಎದ್ದಾಗ ಬೆನ್ನು ಒಣಗಿದ್ದರೆ ಊರಗೌಡ ಮುಂಡಾಸು ಸುತ್ತುತ್ತಾನೆ. ಬೆನ್ನು ತೊಯ್ದಿದ್ದರೆ ಮುಖ ತೋರಿಸದೆ ಗಾಡಿ ಹೂಡಬೇಕು. ದುರಗಪ್ಪ ಇಪ್ಪತ್ತು ಕೆರೆ ಕಟ್ಟಿದ್ದ. ಒಂದು ದಿನವೂ ಅವನ ಬೆನ್ನು ತೊಯ್ದಿರಲಿಲ್ಲ. ಅವನ ಕಣ್ಣಿಗೆ ಗೋಡೆ ಎಂದರೆ ನೀರನ್ನು ಹನಿಯೂ ಬಿಡದೆ ಹಿಡಿಯುವ ವಸ್ತು, ಅದಕ್ಕಿಂತ ಬೇರೆ ಯೋಚನೆಯೇ ಅವನಿಗಿರಲಿಲ್ಲ. ಮಗಳ ಹಿತ್ತಲಿಗೂ ಆತ ಹಾಗೆಯೇ ಕಟ್ಟಿದ. ದೊಡ್ಡ ಕಲ್ಲುಗಳನ್ನು ಗುಂಡು ಕಟ್ಟಿದ ದಾರ ಹಿಡಿದು ನೆಟ್ಟಗೆ ಕೂರಿಸಿದ. ಬೆನ್ನಿಗೆ ಗುಡ್ಡದ ಬಿಳಿ ಜೇಡಿಮಣ್ಣನ್ನು ತುಳಿದು ತುಂಬಿದ. ಸಂದುಗಳಿಗೆ ಗಾರೆ ಮೆತ್ತಿದ. ಮುಂದಿನ ಮಳೆಗೆ ಬೆನ್ನು ಒತ್ತಿ ಕೂತು ಎದ್ದ. ಬೆನ್ನು ಒಣಗಿತ್ತು. "ನೋಡವ್ವಾ, ಒಂದು ಹನಿ ಬಂದಿಲ್ಲ," ಎಂದು ಮಗಳಿಗೆ ಬೆನ್ನು ತಿರುಗಿಸಿ ತೋರಿಸಿದ. ಎಷ್ಟೋ ದಿನಗಳ ಮೇಲೆ ಹುಲಿಗೆವ್ವ ನಕ್ಕಳಂತೆ.

ಭಾದ್ರಪದದಲ್ಲಿ ಹುಬ್ಬಿ ಮಳೆ ಐದು ದಿನ ಬಿಡದೆ ಹಿಡಿಯಿತು. ಆರನೆಯ ದಿನ ನಡುಮಧ್ಯಾಹ್ನ, ಊಟಕ್ಕೆ ಕೂತಿದ್ದಾಗ, ಗೋಡೆ ಇಡಿಯಾಗಿ ಹೊರಕ್ಕೆ ಮಗುಚಿತು. ತಟ್ಟೆ ಬಿಟ್ಟು ಓಡಿದ ಹುಲಿಗೆವ್ವ ಕೆಸರಲ್ಲಿ ಮಂಡಿಯೂರಿ ಮೊಳ ಹಾಕಿದಳು. ಮೂರು. ದುರಗಪ್ಪನಿಗೆ ದಿಕ್ಕೇ ತೋಚಲಿಲ್ಲ. ಎಲ್ಲೋ ನೀರು ನುಸುಳಿರಬೇಕು, ಗಾರೆ ಸಾಲದೇ ಹೋಗಿರಬೇಕು ಎಂದುಕೊಂಡ. ಅಳಿಯನ ಮನೆಯಲ್ಲಿ ಬಿಟ್ಟಿ ಕೂಳು ತಿನ್ನುತ್ತೇನೆಂದು ನಾಚಿ, ದೀಪಾವಳಿಯಿಂದ ಬೇಸಿಗೆಯವರೆಗೆ ಹಗಲೆಲ್ಲ ದುಡಿದು ಮತ್ತೆ ಕಟ್ಟಿದ. ಈ ಸಲ ದಪ್ಪ ಎರಡರಷ್ಟು, ಜೇಡಿಮಣ್ಣು ಎರಡರಷ್ಟು, ಗಾರೆ ಮೂರರಷ್ಟು. ಲಚಮಪ್ಪ ಕಲ್ಲು ಕಡಿದು ಕೊಟ್ಟ. ಫಕೀರವ್ವ, "ಬೀಗರ, ಕ್ವಾಟಿ ಕಟ್ಟಾಕ ಹತ್ತೀರೇನು?" ಎಂದು ಚೇಷ್ಟೆ ಮಾಡಿದಳು. ಅಷ್ಟರಲ್ಲಿ ಆ ಮುಳ್ಳಿನ ಟೊಂಗೆಯಿಂದ ಉದುರಿದ ಬಾರಿ ಹಣ್ಣಿನ ಬೀಜವೊಂದು ಕೂಸಿನ ಮಣ್ಣಿನಲ್ಲಿ ಮೊಳೆತು ಗೇಣುದ್ದ ಆಗಿತ್ತು. ಹುಲಿಗೆವ್ವ ದಿನಾ ಅದರ ಎಲೆ ಎಣಿಸುತ್ತಿದ್ದಳು.

ಮರುವರ್ಷ ಆರಿದ್ರ ಮಳೆ ಹಿಡಿದ ನಾಲ್ಕನೆಯ ದಿನ ಗೋಡೆಯ ನಡು ಉಬ್ಬಿತು. ಹೊರಗಿನಿಂದ ಮುಟ್ಟಿದರೆ ಹನಿ ತೇವವಿಲ್ಲ, ಆದರೆ ಕಲ್ಲುಗಳು ಹೊರಕ್ಕೆ ಬರುತ್ತಿವೆ. ದುರಗಪ್ಪ ತೊಲೆಗಳನ್ನು ತಂದು ಊರೆ ಕೊಡಲು ಓಡಾಡತೊಡಗಿದ. ಇನ್ನೊಂದು ಗೋಡೆ ಹೊರಗಿನಿಂದ ಒತ್ತಿ ಕಟ್ಟೋಣವೆಂದ. ಹುಲಿಗೆವ್ವ ಅದ್ಯಾವುದನ್ನೂ ಕೇಳಿಸಿಕೊಳ್ಳದೆ, ಮಳೆಯಲ್ಲೇ ಇಳಿದು ಹೋಗಿ ಉಬ್ಬಿದ ಜಾಗಕ್ಕೆ ಎರಡೂ ಅಂಗೈ ಇಟ್ಟು ನಿಂತಳು. ಬಿಗಿದ ಕಲ್ಲು. ಒಳಗಿನ ಒತ್ತಡಕ್ಕೆ ಹೊರಮೈ ನೋಯುವಂಥ ಬಿಗಿತ. ಅವಳ ಕೈಗೆ ಅದರ ಗುರುತು ಸಿಕ್ಕಿತು.

"ಯಪ್ಪಾ, ಇಲ್ಲಿ ಬಾ. ಕೈ ಇಟ್ಟು ನೋಡು. ಇದಕ್ಕ ಹಾಲು ಕಟ್ಟೇತಿ," ಎಂದಳು.

"ಹುಚ್ಚವ್ವಾ, ಗ್ವಾಡಿಗೆ ಎಲ್ಲೀ ಹಾಲು?"

"ಹಾಲಲ್ಲಂದ್ರ ನೀರು. ಒಳಗ ತುಂಬಿ ತುಂಬಿ ನಿಂತೈತಿ, ಹೋಗಾಕ ದಾರಿಲ್ಲ. ನನಗೂ ಹಿಂಗ ಆಗಿತ್ತು. ಅತ್ತಿ ತಗೀಲಿಲ್ಲಂದ್ರ ನಾ ಇವತ್ತು ಇರ್ತಿದ್ದಿಲ್ಲ. ದಾರಿ ಮಾಡಿಕೊಡು ಯಪ್ಪಾ. ತೂತು ಹೊಡಿ."

ದುರಗಪ್ಪ ಎರಡು ಹೆಜ್ಜೆ ಹಿಂದೆ ಸರಿದನಂತೆ. ಏರಿಗೆ ತೂತು ಕೊರೆಯುವುದು ಅವನ ಮಂದಿಯಲ್ಲಿ ಕೊಲೆಗೆ ಸಮ. ಅಂಥವನ ಮನೆಯ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. "ಇಪ್ಪತ್ತು ಕೆರಿ ಕಟ್ಟಿದ ಕೈ ಇದು. ಈ ಕೈಲೇ ತೂತು ಹೊಡಿ ಅಂತೀಯಾ?" ಎಂದ.

"ಕೆರಿಗೆ ನೀರು ಬೇಕು ಯಪ್ಪಾ. ನನ್ನ ಹಿತ್ತಲಕ್ಕ ನೀರು ಬ್ಯಾಡ. ನನಗ ಆ ಮೂರು ಮೊಳ ಮಣ್ಣು ಉಳದ್ರ ಸಾಕು," ಎಂದಳು ಹುಲಿಗೆವ್ವ.

ಮಾಳಿಗೆಗಳ ಮೇಲೆ ಗೋಣಿತಾಟು ಹೊದ್ದುಕೊಂಡು ಊರೇ ನೋಡುತ್ತಿತ್ತು. ದುರಗಪ್ಪ ಮುಂಡಾಸು ಬಿಚ್ಚಿ, ಮಡಚಿ, ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟ. ಉಬ್ಬಿದ ನಡುವಿಗೆ ಕೈ ಹಚ್ಚದೆ, ಒಂದು ತುದಿಗೆ ಹೋಗಿ, ಬುಡದಿಂದ ಒಂದು ಮೊಳ ಮೇಲೆ ಗಾರೆಯ ಸಂದಿಗೆ ಚಾಣ ಹಿಡಿದು ಸುತ್ತಿಗೆ ಎತ್ತಿದ. ಕಲ್ಲು ಸಡಿಲವಾಗಿ, ಜೇಡಿಮಣ್ಣು ತೂತು ಬಿದ್ದ ಕೂಡಲೇ ಒಳಗಿನಿಂದ ಚಿಮ್ಮಿದ್ದು ಕೆಂಪು ನೀರಲ್ಲ. ಬೆಳ್ಳಗೆ, ದಪ್ಪಗೆ, ನೊರೆನೊರೆಯಾಗಿ ಬಂತು. "ಅಯ್ಯ ನಮ್ಮವ್ವಾ, ಹಾಲು!" ಎಂದು ಫಕೀರವ್ವ ಕೂಗಿದ್ದು ಕೆಳಗಿನ ಓಣಿಯವರೆಗೂ ಕೇಳಿತಂತೆ. ಬಿಳಿಮಣ್ಣು, ಸುಣ್ಣದ ಗಾರೆ ಎರಡೂ ಕರಗಿ ಬಂದರೆ ನೀರು ಬೆಳ್ಳಗಿರದೆ ಇನ್ನು ಹೇಗಿದ್ದೀತು ಎಂದು ಜಾಣರು ನನಗೆ ತಿಳಿಹೇಳುತ್ತಾರೆ. ಅಷ್ಟು ನನಗೂ ಗೊತ್ತು ಮಾರಾಯರೇ. ಆದರೆ ಅಂದು ಅಲ್ಲಿ ನಿಂತವರಲ್ಲಿ ಒಬ್ಬರೂ ಅದನ್ನು ಸುಣ್ಣದ ನೀರು ಎನ್ನಲಿಲ್ಲ. ಹುಲಿಗೆವ್ವ ಬೊಗಸೆಯಲ್ಲಿ ಅದನ್ನು ಹಿಡಿದು, ಮೆಟ್ಟಿಲು ಹತ್ತಿ ಹೋಗಿ, ಬಾರಿ ಗಿಡದ ಬುಡಕ್ಕೆ ಹೊಯ್ದಳು.

ಸಂಜೆಯಷ್ಟರಲ್ಲಿ ದುರಗಪ್ಪ ಹತ್ತೊಂಬತ್ತು ತೂತು ತೆಗೆದ. ಕೂಸು ಬದುಕಿದ ದಿನಗಳೂ ಅಷ್ಟೇ ಎಂದು ಎಲ್ಲರೂ ಹೇಳುತ್ತಾರೆ; ಗೋಡೆಯ ಉದ್ದಕ್ಕೆ ಅಷ್ಟು ಬೇಕಾಗಿತ್ತು ಎಂಬುದೂ ನಿಜ. ಯಾವುದನ್ನಾದರೂ ನಂಬಿ. ಉಬ್ಬು ಅಲ್ಲಿಗೇ ನಿಂತಿತು. ಕೊನೆಯ ತೂತಿನಿಂದಲೂ ನೀರು ಬಂದ ಮೇಲೆ ಮುದುಕ ಅಂಗಿ ಕಳಚಿ, ಗೋಡೆಗೆ ಬರಿಬೆನ್ನು ಕೊಟ್ಟು ಕೂತ. ನೀರು ಬೆನ್ನ ಮೇಲೆಲ್ಲ ಹರಿಯಿತು. ಹುಲಿಗೆವ್ವ ಬಂದು ಪಕ್ಕದಲ್ಲಿ ಕೂತಾಗ ಅವನು ಆಡಿದ್ದು ಗೋಡೆಯ ಮಾತಲ್ಲ. "ತೊಟ್ಟಿಲ ಇನ್ನೂ ಗಾಡ್ಯಾಗ ಐತೆವ್ವಾ. ಇಳಸಾಕ ನನ್ನ ಕೈಲೇ ಆಗಲಿಲ್ಲ," ಎಂದು ಗೊಳೋ ಎಂದು ಅತ್ತ. ಒಂದು ವರ್ಷ ಒಳಗೇ ಇಟ್ಟುಕೊಂಡಿದ್ದ ಅಳು ಅದು. ಮಗಳು ಅವನ ಒದ್ದೆ ಬೆನ್ನಿನ ಮೇಲೆ ಕೈಯಾಡಿಸುತ್ತಾ, "ಬಿಡಪ್ಪಾ, ಬಿಡು. ಬಿಟ್ರ ಆಕಿ ದೂರ ಆಗಂಗಿಲ್ಲ," ಎಂದಳು. ಆಮೇಲೆ ಅವಳೂ ಅತ್ತಳು. ಲಚಮಪ್ಪ ಯಾರಿಗೂ ಹೇಳದೆ ಗಾಡಿಯ ಹತ್ತಿರ ಹೋಗಿ, ತೊಟ್ಟಿಲನ್ನು ಹೊತ್ತು ತಂದು ಪಡಸಾಲೆಯ ತೊಲೆಗೆ ತೂಗುಹಾಕಿದ.

ಮಳೆಗಾಲ ಕಳೆದ ಮೇಲೆ ದುರಗಪ್ಪ ಆ ಗೋಡೆಯನ್ನು ತುಂಡು ತುಂಡಾಗಿ ಬಿಚ್ಚಿ ಹೊಸದಾಗಿ ಕಟ್ಟಿದ. ಈಗ ನಿಂತಿರುವುದು ಅದೇ. ಬುಡವನ್ನು ಬಂಡೆ ಸಿಗುವವರೆಗೂ ಅಗೆದ. ಗೋಡೆಯನ್ನು ಆಳೆತ್ತರಕ್ಕೆ ಒಂದು ಗೇಣಿನಂತೆ ಗುಡ್ಡದ ಕಡೆಗೆ ಒರಗಿಸಿದ. ನಡುನಡುವೆ ಎರಡೆರಡು ಮೊಳದ ಕಲ್ಲುಗಳನ್ನು, ಕೂಸಿನ ಮಣ್ಣಿಗೆ ತಾಗದಂತೆ, ಅಡ್ಡಲಾಗಿ ಮಣ್ಣಿನೊಳಕ್ಕೆ ಚಾಚಿ ಕೂರಿಸಿದ್ದರಿಂದ ಗುಡ್ಡವೇ ಗೋಡೆಯನ್ನು ಹಿಡಿದುಕೊಂಡಿತು. ಬೆನ್ನಿಗೆ ಜೇಡಿಮಣ್ಣಿನ ಬದಲು ಒಡೆದ ಕಲ್ಲಿನ ಚೂರು ಸುರಿದ. ನೀರು ಅದರೊಳಗೆ ಇಳಿದು ತೂತಿಗೆ ಬರಬೇಕು. ಹತ್ತೊಂಬತ್ತು ತೂತುಗಳನ್ನೂ ಮತ್ತೆ ಬಿಟ್ಟು, ಪ್ರತಿಯೊಂದರ ಕೆಳಗೂ ತುಟಿಗಲ್ಲು ಇಟ್ಟ. ಅದಾದ ಮೇಲೆ ಅವನು ಕೆರೆ ಕಟ್ಟಲು ಹೋದನೋ ಇಲ್ಲವೋ ತಿಳಿಯದು. ಮುಂಡಾಸನ್ನು ಮಾತ್ರ ಮತ್ತೆ ಸುತ್ತಲಿಲ್ಲ ಎನ್ನುತ್ತಾರೆ. ತೊಟ್ಟಿಲಲ್ಲಿ ಮುಂದೆ ಯಾರು ಮಲಗಿದರೆಂಬುದಕ್ಕೆ ಎರಡು ಮಾತಿದೆ. ಎರಡು ವರ್ಷಕ್ಕೆ ಹುಲಿಗೆವ್ವನಿಗೆ ಹೆಣ್ಣು ಕೂಸು ಹುಟ್ಟಿ ಅದರ ಎಡಗಾಲಲ್ಲಿ ಬಾರಿ ಮುಳ್ಳು ಚುಚ್ಚಿದಂಥ ಮಚ್ಚೆಯಿತ್ತು ಎನ್ನುವವರಿದ್ದಾರೆ. ಅವಳಿಗೆ ಮಕ್ಕಳೇ ಆಗಲಿಲ್ಲ, ಓಣಿಯ ಮಕ್ಕಳೆಲ್ಲ ಆ ತೊಟ್ಟಿಲಲ್ಲೇ ಬೆಳೆದರು ಎನ್ನುವವರೂ ಇದ್ದಾರೆ.

ಇಂದು ನೀವು ಬಂದರೆ ಗೋಡೆಯ ಮೇಲೆ ಹಿತ್ತಲಿನಲ್ಲಿ ಒಂದು ಮುದಿ ಬಾರಿ ಮರ ಕಾಣುತ್ತದೆ. ಅದರ ಬುಡದಿಂದ ಅಂಚಿಗೆ ಈಗಲೂ ಮೂರು ಮೊಳ, ಬೇಕಾದರೆ ಅಳೆದು ನೋಡಿ. ತೂತುಗಳನ್ನು ಎಣಿಸಿದರೆ ಹದಿನೆಂಟೇ ಸಿಕ್ಕುತ್ತವೆ. ಹತ್ತೊಂಬತ್ತನೆಯದನ್ನು ಮರದ ಬೇರು ಹೊಕ್ಕಿದೆ. ಮೊದಲ ಮಳೆಗೆ ಅವುಗಳಿಂದ ಸ್ವಲ್ಪ ಹೊತ್ತು ಬೆಳ್ಳಗಿನ ನೀರು ಬರುತ್ತದೆ, ಆಮೇಲೆ ತಿಳಿಯಾಗುತ್ತದೆ. ಬೆಣಚಿಗುಡ್ಡದಲ್ಲಿ ಯಾರೇ ಹಿತ್ತಲಿಗೆ ಗೋಡೆ ಕಟ್ಟಿಸಲಿ, ಮೊದಲ ಮಳೆಯ ದಿನ ಗೌಂಡಿ ಬಂದು ಅದಕ್ಕೆ ಬರಿಬೆನ್ನು ಕೊಟ್ಟು ಕೂರಬೇಕು. ಏರಿ ಕಟ್ಟುವವರ ಪದ್ಧತಿಗೆ ಇದು ತಿರುವುಮುರುವು: ಇಲ್ಲಿ ಬೆನ್ನು ತೊಯ್ದರೆ ಮಾತ್ರ ಅವನಿಗೆ ಹೋಳಿಗೆ ಊಟ. ಎದುರಿನ ಸಿಮೆಂಟಿನ ಗೋಡೆಯವರು ಇದೆಲ್ಲ ಹಳೇ ಕಾಲದ್ದೆಂದು ನಕ್ಕಿದ್ದರು. ಈಗ ನಗುತ್ತಿಲ್ಲ.

ನನ್ನ ಮನೆಯವಳು ಈ ಕತೆಗೆ ಗೊಣಗುತ್ತಾಳೆ ಎಂದೆನಲ್ಲ, ಅವಳು ಪೂರ್ತಿ ಕೇಳಿಸಿಕೊಂಡು ಕೂರುವುದೂ ಇಲ್ಲ. ಆದರೆ ಮೊದಲ ಮಳೆ ಬಂದರೆ ನಲವತ್ತು ವರ್ಷಗಳಿಂದ ಒಮ್ಮೆಯೂ ತಪ್ಪಿಸದೆ, ಕೊಡೆಯನ್ನೂ ಹಿಡಿಯದೆ ಹಾಲಗೋಡೆಗೆ ಹೋಗುತ್ತಾಳೆ. ಒಂದು ಬೊಗಸೆ ನೀರು ಹಿಡಿದು, ಹನಿ ಚೆಲ್ಲದಂತೆ ಅಷ್ಟೂ ಮೆಟ್ಟಿಲು ಇಳಿದು ಮನೆಗೆ ಬರುತ್ತಾಳೆ. ನಾನು ಹಿತ್ತಲ ಬಾಗಿಲು ತೆರೆದು ನಿಂತಿರುತ್ತೇನೆ. ನಮ್ಮ ಹಿತ್ತಲಿನಲ್ಲೂ ಒಂದು ಬಾರಿ ಗಿಡವಿದೆ.